ಬೀದಿಯೆಲ್ಲ ಸೇರಿ ಒಂದು ತಲೆ

ಗರಿಗರಿ ಮಾವನ ಲಾಂಡ್ರಿಯಲ್ಲಿ ಚೀಟಿ ಎನ್ನುವ ವಸ್ತುವಿಗೆ ಪ್ರವೇಶವಿರಲಿಲ್ಲ. ಬೇರೆ ಲಾಂಡ್ರಿಯವರು ಕಾಲರಿನ ಒಳಗೆ ನಂಬರು ಬರೆಯುತ್ತಾರೆ, ಗುಂಡಿಗೆ ಚೀಟಿ ಕಟ್ಟುತ್ತಾರೆ, ಗಿರಾಕಿಯ ಕೈಗೊಂದು ರಸೀತಿ ತುರುಕುತ್ತಾರೆ. ಮಾವನ ಲೆಕ್ಕದಲ್ಲಿ ಅದೆಲ್ಲ ತಲೆಯಿಲ್ಲದವರ ಕಸುಬು. ಗಿರಾಕಿ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಅವನು ಅಂಗಡಿಯ ಮೆಟ್ಟಿಲು ಹತ್ತುವುದರೊಳಗೆ ಅವನ ಬಟ್ಟೆಯ ಕಟ್ಟು ಕೌಂಟರಿನ ಮೇಲೆ ಕೂತಿರುತ್ತಿತ್ತು. ಯಾರಾದರೂ ಅಪ್ಪಿತಪ್ಪಿ ರಸೀತಿ ಕೇಳಿದರೆ ಮಾವ ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿ, "ಎಲ್ಲಾ ಇಲ್ಲಿದೆ" ಎನ್ನುತ್ತಿದ್ದರು. ಕೇಳಿದವನು ತಪ್ಪು ಮಾಡಿದವನಂತೆ ತಲೆ ತಗ್ಗಿಸಿ ಹೋಗುತ್ತಿದ್ದ.

ಗರಿಗರಿ ಮಾವ ಎಂದು ಬೀದಿಯವರು ಕರೆಯುತ್ತಿದ್ದುದು ಅವರ ಷರಟಿನ ದೆಸೆಯಿಂದ. ಅದಕ್ಕೆ ಅವರು ಹಾಕುತ್ತಿದ್ದ ಗಂಜಿ ಎಷ್ಟೆಂದರೆ, ಮಾವ ಕುರ್ಚಿಯಲ್ಲಿ ಕೂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಷರಟು ಕೂರುತ್ತಿತ್ತು.

ಇಂಥ ಮಾವನ ತಲೆಯಲ್ಲಿ ಒಂದು ಬೆಳಿಗ್ಗೆ ಏನೋ ಜಾರಿತು. ಸಂಗೀತದ ಮೇಷ್ಟ್ರ ಕಟ್ಟು ಪೊಲೀಸಪ್ಪನ ಮನೆಗೂ ಪೊಲೀಸಪ್ಪನ ಕಟ್ಟು ಮೇಷ್ಟ್ರ ಮನೆಗೂ ಹೋಯಿತು. ಮೇಷ್ಟ್ರು ಕನ್ನಡಕ ಹಾಕಿಕೊಳ್ಳುವ ಮೊದಲು ಬಟ್ಟೆ ಹಾಕಿಕೊಳ್ಳುವ ಪೈಕಿ. ಖಾಕಿ ಪ್ಯಾಂಟಿನಲ್ಲೇ ತರಗತಿಗೆ ನಡೆದರು. ಆ ದಿನ ಮಕ್ಕಳೆಲ್ಲ ಮೊದಲ ಸಲ ಶ್ರುತಿ ಸೇರಿಸಿ ಹಾಡಿದರಂತೆ. ಪೊಲೀಸಪ್ಪನಿಗೆ ಅಷ್ಟು ಸುಖ ಇರಲಿಲ್ಲ. ಹೊತ್ತಾಯಿತೆಂದು ಕೈಗೆ ಸಿಕ್ಕಿದ ಹೂಹೂವಿನ ಷರಟು ತೊಟ್ಟು ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಕೈ ತೋರಿಸಿದರೆ ಒಬ್ಬನೂ ಗಾಡಿ ನಿಲ್ಲಿಸಲಿಲ್ಲ. ಕೆಲವರು ನಗುತ್ತಾ ತಿರುಗಿ ಕೈ ಬೀಸಿ ಹೋದರು.

ಅದೊಂದೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಅದೇ ವಾರ ಮಾವನ ಕನ್ನಡಕ ಗಂಜಿಯ ಬಕೆಟ್ಟಿನಲ್ಲಿ ಸಿಕ್ಕಿತು. ಪೋಸ್ಟಣ್ಣನ ಕೈಯಿಂದ ಪತ್ರ ತೆಗೆದುಕೊಂಡ ಮಾವ, ಅದನ್ನು ನೀಟಾಗಿ ಇಸ್ತ್ರಿ ಮಾಡಿ, ಮಡಚಿ, ವಾಪಸ್ಸು ಅವನಿಗೇ ಕೊಟ್ಟರು. ಅತ್ತೆ, ಅಂದರೆ ಮಾವನ ಹೆಂಡತಿ, ಇದನ್ನೆಲ್ಲ ಸುಮ್ಮನೆ ನೋಡುತ್ತಾ ಬಂದವರು ಪತ್ರದ ಇಸ್ತ್ರಿಯಾದ ಮರುದಿನ ಅಂಗಡಿಯ ಬಾಗಿಲು ಎಳೆದರು.

"ಏಳಿ. ಡಾಕ್ಟರ ಹತ್ರ ಹೋಗೋಣ."

"ಯಾರಿಗೇ ಹುಷಾರಿಲ್ಲ?" ಎಂದು ಮಾವ ಗಾಬರಿಯಾದರು.

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಗುಮುಖದವರು. ಮೂರು ಪದ ಹೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದರು: ಸೇಬು, ಮೇಜು, ಕೊಡೆ. ಆಮೇಲೆ ಗಡಿಯಾರದ ಚಿತ್ರ ಬರೆಸಿದರು, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು, ಅದೂ ಇದೂ ಮಾತಾಡಿಸಿದರು. ಕೊನೆಗೆ ಆ ಮೂರು ಪದ ಯಾವುವು ಎಂದು ಕೇಳಿದರು.

"ಸೇಬು," ಎಂದರು ಮಾವ. "ಮೇಜು." ಆಮೇಲೆ ಸೂರು ನೋಡಿದರು, ನೆಲ ನೋಡಿದರು, ಹೆಂಡತಿಯ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ. "ಎರಡು ರೆಡಿ ಇದೆ, ತಗೊಂಡು ಹೋಗಿ. ಮೂರನೇದು ಇನ್ನೂ ಒಣಗಿಲ್ಲ. ನಾಳೆ ಬನ್ನಿ."

ಡಾಕ್ಟರಮ್ಮ ನಗದಿರಲು ಸ್ವಲ್ಪ ಕಷ್ಟಪಟ್ಟರು. "ನೋಡಿ, ಹೆದರೋಂಥದ್ದು ಏನಿಲ್ಲ. ವಯಸ್ಸಿನ ಮರೆವಿಗಿಂತ ಒಂದು ಮೆಟ್ಟಿಲು ಮೇಲಿದ್ದೀರಿ. ದೊಡ್ಡ ಮರೆವು ಅಂತಾರಲ್ಲ, ಅದು ಇನ್ನೂ ದೂರ ಇದೆ. ಎಲ್ಲರಿಗೂ ಅಲ್ಲಿಗೇ ಹೋಗಿ ಮುಟ್ಟುತ್ತೆ ಅಂತಾನೂ ಇಲ್ಲ. ಮೈಗೆ ವ್ಯಾಯಾಮ ಇದ್ದಂಗೆ ತಲೆಗೂ ಒಂದು ವ್ಯಾಯಾಮ ಕೊಡ್ತೀನಿ. ಕಂಪ್ಯೂಟರಲ್ಲಿ ಆಟದ ಥರ ಇರುತ್ತೆ. ದಿನಾ ಅರ್ಧ ಗಂಟೆ. ನೀವು ಹೇಗೆ ಆಡ್ತೀರೋ ನೋಡ್ಕೊಂಡು ಅದೇ ಸುಲಭ ಮಾಡುತ್ತೆ, ಅದೇ ಕಷ್ಟ ಮಾಡುತ್ತೆ. ನಂಗೆ ಇಲ್ಲಿಂದಾನೇ ಎಲ್ಲಾ ಕಾಣುತ್ತೆ."

ಮಾವ ಬೀದಿಗೆ ಬಂದು, ತಾನು ಎಲ್ಲರಿಗಿಂತ ಒಂದು ಮೆಟ್ಟಿಲು ಮೇಲಿರುವುದಾಗಿ ಡಾಕ್ಟರು ಹೇಳಿದರು ಎಂದು ಸಾರಿದರು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅತ್ತೆ ಮಾತ್ರ ಮನೆಯಲ್ಲಿ ಬೇರೆ ಮಾತು ತೆಗೆದರು. "ನಾಳೆಯಿಂದ ಬಟ್ಟೆಗೆ ಚೀಟಿ ಕಟ್ಟಿ."

"ಚೀಟಿ ಕಟ್ಟೋದಕ್ಕಿಂತ ಅಂಗಡಿ ಮುಚ್ತೀನಿ."

"ಮುಚ್ಚೋದು ಯಾಕೆ? ನನ್ನ ತಮ್ಮ ಇದ್ದಾನೆ. ಈ ಕಂಪ್ಯೂಟರ್ ಪಾಠ ಮುಗಿದ ಮೇಲೆ ಡಾಕ್ಟರಮ್ಮ ಏನಂತಾರೋ ನೋಡೋಣ. ಪರವಾಗಿಲ್ಲ ಅಂದ್ರೆ ಕೌಂಟರು ನಿಮ್ದು. ಇಲ್ಲ ಅಂದ್ರೆ ಅವನು ಕೂರ್ತಾನೆ, ನೀವು ಮನೇಲಿ ಕೂತ್ಕೊಳ್ಳಿ."

ಈ ತಮ್ಮ ಯಾವುದೋ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದವನು. ಕೈಗೆ ಕೆಲಸವಿಲ್ಲದೆ ಮನೆಯ ಚಮಚ, ಬಕೆಟ್ಟು, ದಿಂಬುಗಳಿಗೆಲ್ಲ ನಂಬರು ಹಾಕಿ ಮುಗಿಸಿ, ಈಗ ಯಾವುದಾದರೂ ಕೌಂಟರಿನ ಹಿಂದೆ ಕೂರಲು ತಹತಹಿಸುತ್ತಿದ್ದ. ಸುದ್ದಿ ಕೇಳಿ ಬೀದಿಯವರ ಎದೆ ಧಸಕ್ಕೆಂದಿತು. ಆ ಅಂಗಡಿಯ ಬೆಂಚು ಅವರ ಪಾಲಿಗೆ ಬರೀ ಬೆಂಚಲ್ಲ. ದಿನದ ಸುದ್ದಿಯೆಲ್ಲ ಒಗೆದು, ಹಿಂಡಿ, ಒಣಹಾಕುತ್ತಿದ್ದುದು ಅಲ್ಲೇ. ಸ್ಟೋರ್ ಕೀಪರ್ ಬಂದರೆ ಬೆಂಚಿಗೂ ನಂಬರು ಬೀಳುತ್ತದೆ, ಕೂತವರಿಗೂ ಬೀಳುತ್ತದೆ.

ಹೀಗೆ ಇಸ್ತ್ರಿ ಮೇಜಿನ ಮೂಲೆಯಲ್ಲಿ ಆಸ್ಪತ್ರೆಯವರು ಕೊಟ್ಟ ಹಲಗೆಯಂಥ ಕಂಪ್ಯೂಟರು, ಟ್ಯಾಬ್ಲೆಟ್ಟು, ಪ್ರತಿಷ್ಠಾಪನೆಯಾಯಿತು. ಅದರೊಳಗೆ ಒಂದು ಹೆಣ್ಣಿನ ದನಿ. ಬಲು ಮರ್ಯಾದೆಯ ದನಿ. ಪರದೆಯ ಮೇಲೆ ಕಿಟಕಿಗಳಿರುವ ಒಂದು ಮನೆ ಬಂತು. ಒಂದೊಂದು ಕಿಟಕಿಯಲ್ಲಿ ಒಂದೊಂದು ಮುಖ ಇಣುಕಿ ಒಳಗೆ ಹೋಯಿತು. "ಟೋಪಿ ಹಾಕಿದವರು ಯಾವ ಕಿಟಕಿಯಲ್ಲಿದ್ದರು?" ಎಂದು ದನಿ ಕೇಳಿತು.

ಮಾವ ಒಂದು ಕಿಟಕಿ ಒತ್ತಿದರು. "ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ." ಇನ್ನೊಂದು ಒತ್ತಿದರು. "ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ." ಮಾವನ ಕಿವಿ ಕೆಂಪಾಯಿತು. ಬೈದರೆ ತಿರುಗಿ ಬೈಯಬಹುದು. ಇಷ್ಟು ಮೃದುವಾಗಿ ಮಾತಾಡುವವರನ್ನು ಏನು ಮಾಡುವುದು? "ನೋಡು ತಂಗಿ," ಎಂದು ಅವರು ಟ್ಯಾಬ್ಲೆಟ್ಟಿಗೆ ಹೇಳಿದರು, "ಕಿಟಕೀಲಿ ಯಾರಿದ್ದಾರೆ ಅಂತ ಇಣುಕಿ ನೋಡೋ ಅಭ್ಯಾಸ ನಂಗಿಲ್ಲ."

ಷರಟಿಗಾಗಿ ಕಾಯುತ್ತಾ ಬೆಂಚಿನ ಮೇಲಿದ್ದ ಪೋಸ್ಟಣ್ಣನಿಗೆ ತಡೆಯಲಾಗಲಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ ಎನ್ನುವುದೇ ಅವನ ಹೊಟ್ಟೆಪಾಡು. "ಮಾವ, ಕೆಳಗಿನ ಸಾಲು, ಎಡಗಡೆ."

ಮಾವ ಒತ್ತಿದರು. "ತುಂಬಾ ಚೆನ್ನಾಗಿ ಮಾಡಿದಿರಿ," ಎಂದಿತು ದನಿ, ಹಿಂದೆ ಚಪ್ಪಾಳೆಯೂ ಕೇಳಿಸಿತು.

"ನಾನೂ ಅದನ್ನೇ ಒತ್ತೋನಿದ್ದೆ," ಎಂದರು ಮಾವ.

ಎಲ್ಲ ಅನಾಹುತಗಳೂ ಇಷ್ಟೇ ಸಣ್ಣದಾಗಿ ಶುರುವಾಗುತ್ತವೆ. ಮರುದಿನ ಸಾಮಾನಿನ ಆಟ ಬಂತು: ಅಂಗಡಿಗೆ ಹೋಗಿ ಏನೇನು ತರಬೇಕೆಂದು ದನಿ ಒಂದೇ ಉಸಿರಿಗೆ ಹೇಳುತ್ತದೆ, ಆಮೇಲೆ ಅವನ್ನೇ ಆರಿಸಬೇಕು. ತರಕಾರಿ ಅಕ್ಕ ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಒಳಗೆ ಬಂದವಳು, "ಸರೀರಿ ಮಾವ, ನಾನು ನೋಡ್ತೀನಿ" ಎಂದು ಎಲ್ಲವನ್ನೂ ಆರಿಸಿ, ಕೇಳದಿದ್ದ ಕೊತ್ತಂಬರಿಯನ್ನೂ ಒತ್ತಿದಳು. ಸ್ವರಗಳ ಸಾಲು ಕೇಳಿ ತಿರುಗಿ ನುಡಿಸುವ ಆಟ ಸಂಗೀತದ ಮೇಷ್ಟ್ರ ಪಾಲಾಯಿತು. ಮುಖಗಳ ಆಟ ಬಂದರೆ ಪೊಲೀಸಪ್ಪ. ಅವನು ಪರದೆಗೆ ಮೂಗು ತಾಗಿಸಿ, "ಈ ಮೀಸೆಯವನು ಆಗಲೇ ಬಂದು ಹೋದೋನು, ಈಗ ಮೀಸೆ ಬೋಳಿಸ್ಕೊಂಡು ಬಂದಿದ್ದಾನೆ, ನಂಗೆ ಮೋಸ ಮಾಡ್ತೀಯೇನೋ" ಎಂದು ಚಿತ್ರವನ್ನೇ ವಿಚಾರಣೆ ಮಾಡುತ್ತಿದ್ದ. ಮಾವ ಅತ್ತ ಬೆನ್ನು ಹಾಕಿ ನೆಮ್ಮದಿಯಾಗಿ ಇಸ್ತ್ರಿ ಮಾಡುತ್ತಿದ್ದರು. ಚಪ್ಪಾಳೆ ಕೇಳಿದಾಗ ಮಾತ್ರ ತಿರುಗಿ, "ಹೆಂಗೆ ನಾನು?" ಎನ್ನುತ್ತಿದ್ದರು.

ಗೆದ್ದಷ್ಟೂ ಕಷ್ಟವಾಗುವುದು ಆ ಆಟದ ಧರ್ಮ. ಕಿಟಕಿಗಳು ಹೆಚ್ಚಿದವು, ಮನೆಯ ಪಕ್ಕ ಮನೆ ಎದ್ದಿತು, ಆಮೇಲೆ ಬೀದಿಯೇ ಬಂತು. ಸಾಮಾನಿನ ಪಟ್ಟಿ ಮದುವೆ ಮನೆಯ ಪಟ್ಟಿಯಷ್ಟು ಉದ್ದವಾಯಿತು. ಒಬ್ಬೊಬ್ಬರಿಂದ ಆಗದೆ ನಾಲ್ವರೂ ಒಟ್ಟಿಗೆ ಕೂತು ಕಿಟಕಿಗಳನ್ನು ಪಾಲು ಮಾಡಿಕೊಂಡರು. ಜಗಳಗಳಾದವು. ಪೋಸ್ಟಣ್ಣನ ಪತ್ರಗಳು ತಡವಾದವು, ತರಕಾರಿ ಬಾಡಿತು, ನಾಲ್ಕು ರಸ್ತೆ ಕೂಡುವಲ್ಲಿ ಗಾಡಿಗಳು ತಮಗೆ ತೋಚಿದಂತೆ ಓಡಾಡಿದವು. ಟ್ಯಾಬ್ಲೆಟ್ಟಿನ ದನಿ ಮಾತ್ರ ದಿನದಿನಕ್ಕೆ ಉಬ್ಬಿಹೋಗಿ, ಮಾವನನ್ನು ಹೊಗಳಲು ಮಾತೇ ಸಾಲದೆ ಕೊನೆಗೆ ಬರೀ ಚಪ್ಪಾಳೆ ತಟ್ಟತೊಡಗಿತು.

ಅತ್ತೆಗೆ ಆಸ್ಪತ್ರೆಯಿಂದ ಫೋನು ಬಂತು. ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳಿದರು. "ಅಮ್ಮಾ, ನಿಮ್ಮ ಯಜಮಾನರು ಇರೋ ಹಂತಕ್ಕೆ ನಮ್ಮಲ್ಲಿ ಯಾರೂ ಹೋಗಿಲ್ಲ. ನಿನ್ನೆ ನಾನೇ ಆಡಿ ನೋಡಿದೆ, ನಂಗೂ ಆಗಲಿಲ್ಲ. ದೊಡ್ಡ ಡಾಕ್ಟರಿಗೆ ಹೇಳಿದೀನಿ. ಅವರ ಕಣ್ಣೆದುರಿಗೆ ಒಂದು ಸಲ ಆಡಿ ತೋರಿಸಿಬಿಡಲಿ."

ಅತ್ತೆ ಫೋನಿಟ್ಟು ಗಂಡನನ್ನು ಹೊಸಬರಂತೆ ನೋಡಿದರು. ಬಹಳ ವರ್ಷಗಳ ಮೇಲೆ ಅವರ ಕಣ್ಣಲ್ಲಿ ಹೆಮ್ಮೆ ಕಂಡ ಮಾವನಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಅಂಗಡಿಗೆ ಓಡಿ ಬಂದು ಬೆಂಚಿನ ಮುಂದೆ ಕುಸಿದರು. ಈ ಸಲ ಷರಟೂ ಅವರ ಜೊತೆಗೇ ಕುಸಿಯಿತು.

"ಹೋಯ್ತು ಕಣ್ರೋ. ನನ್ನ ಕೌಂಟರು ಹೋಯ್ತು."

"ಏನೂ ಆಗಲ್ಲ," ಎಂದ ಪೊಲೀಸಪ್ಪ. "ನಾವೆಲ್ಲ ಮುಂದಿನ ಸಾಲಲ್ಲಿ ಕೂರ್ತೀವಿ. ಸನ್ನೆ ಮಾಡ್ತೀವಿ. ಮೂಗು ಮುಟ್ಟಿದ್ರೆ ಮೇಲಿನ ಸಾಲು, ಕಿವಿ ಮುಟ್ಟಿದ್ರೆ ಮಧ್ಯದ ಸಾಲು, ಗದ್ದ ಮುಟ್ಟಿದ್ರೆ ಕೆಳಗಿನ ಸಾಲು. ಬಲಗೈ ಆದ್ರೆ ಬಲಗಡೆ, ಎಡಗೈ ಆದ್ರೆ ಎಡಗಡೆ. ಮೇಷ್ಟ್ರು ಕೆಮ್ಮಿದ್ರೆ ನಡುವಿನ ಕಿಟಕಿ. ಇಷ್ಟು ನೆನಪಿಟ್ಕೊಂಡ್ರೆ ಮುಗೀತು."

ಮರೆವಿನ ಪರೀಕ್ಷೆಗೆ ಹೊರಟವರಿಗೆ ಇಷ್ಟು ನೆನಪಿಟ್ಟುಕೊಳ್ಳಿ ಎಂದು ಹೇಳುವುದರಲ್ಲಿ ಏನೋ ತೊಡಕಿದೆ ಎಂದು ಆ ನಾಲ್ಕು ಮಹಾ ಜ್ಞಾಪಕಶಕ್ತಿಗಳಲ್ಲಿ ಒಂದಕ್ಕೂ ಹೊಳೆಯಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ತಡೆದಳು. ರೋಗಿಯ ಮನೆಯವರಿಗೆ ಮಾತ್ರ ಒಳಗೆ ಪ್ರವೇಶ. ಪೋಸ್ಟಣ್ಣ ತಾನು ತಮ್ಮ ಎಂದ. ತರಕಾರಿ ಅಕ್ಕ, ಮಾವನಿಗಿಂತ ಎಷ್ಟೋ ಚಿಕ್ಕವಳು, ತಾನು ಅಕ್ಕ ಎಂದಳು. ಮೇಷ್ಟ್ರು ಷಡ್ಡಕ ಎಂದರು. ಪೊಲೀಸಪ್ಪ ಎದೆಯುಬ್ಬಿಸಿ, "ಅಳಿಯ" ಎಂದ. ಮಕ್ಕಳೇ ಇಲ್ಲದ ಅತ್ತೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಯಾವಾಗಿಂದ?"

"ಈಗಷ್ಟೇ, ಅತ್ತೆ. ಆಮೇಲೆ ಹೇಳ್ತೀನಿ," ಎಂದು ಪೊಲೀಸಪ್ಪ ಒಳಗೆ ನುಸುಳಿದ.

ಗೋಡೆಯ ಮೇಲೆ ದೊಡ್ಡ ಪರದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ದೊಡ್ಡ ಡಾಕ್ಟರು. ಪಕ್ಕದಲ್ಲಿ, ತನ್ನ ಕೌಂಟರು ಕೈತಪ್ಪುವುದನ್ನು ಕಣ್ಣಾರೆ ನೋಡಲು ಬಂದ ಭಾವಮೈದ. ಮಾವ ಟ್ಯಾಬ್ಲೆಟ್ಟು ಹಿಡಿದು ಕುರ್ಚಿಯಲ್ಲಿ ಕೂತರು. ಬೀದಿಗೆ ಬೀದಿಯೇ ಪರದೆಯ ಮೇಲೆ ಮೂಡಿತು, ನೂರು ಕಿಟಕಿ ತೆರೆದು ಮುಚ್ಚಿದವು. "ಕೊಡೆ ಹಿಡಿದ ಹೆಂಗಸು ಯಾವ ಕಿಟಕಿಯಲ್ಲಿದ್ದರು?" ಎಂದಿತು ದನಿ.

ಪೊಲೀಸಪ್ಪ ಎಡಗೈಯಿಂದ ಕಿವಿ ಮುಟ್ಟಿದ. ಮಾವ ಅವನನ್ನೇ ನೋಡಿದರು. ಕಿವಿ ಅಂದರೆ ಸಾಲೋ, ಕಿಟಕಿಯೋ? ತನ್ನ ಎಡವೋ, ಅವನ ಎಡವೋ? ಅಷ್ಟರಲ್ಲಿ ಒಂದು ನೊಣ ಪೊಲೀಸಪ್ಪನ ಮೂಗಿನ ಮೇಲೆ ಕೂತಿತು. ಅವನು ಎರಡು ಕೈಯಿಂದಲೂ ಓಡಿಸಿದ. ಮೇಷ್ಟ್ರಿಗೆ ಕೆಮ್ಮು ಶುರುವಾಗಿ ನಿಲ್ಲಲಿಲ್ಲ. ದೊಡ್ಡ ಡಾಕ್ಟರು ಅವರಿಗೆ ನೀರು ತರಿಸಿದರು. ಗದ್ದ ಕೆರೆದುಕೊಳ್ಳುತ್ತಾ ಕೂತಿದ್ದ ಭಾವಮೈದನನ್ನೂ ಸನ್ನೆಯವನೆಂದು ತಿಳಿದ ಮಾವ ಅದನ್ನೇ ನಂಬಿ ಒತ್ತಿದರು.

"ಪರವಾಗಿಲ್ಲ, ಮತ್ತೆ ಪ್ರಯತ್ನಿಸೋಣ."

ಎರಡನೇ ಸಲವೂ ಅದೇ. ಮೂರನೇ ಸಲ ತರಕಾರಿ ಅಕ್ಕನ ತಾಳ್ಮೆ ಕಡಿಯಿತು. "ಮಾವ, ಹಳದಿ ಮನೆ, ಮಧ್ಯದ ಸಾಲು, ಎಡಗಡೆ ಕೊನೇದು, ಒತ್ರೀ."

"ಹಳದಿ ಮನೆ ಅಲ್ಲ, ಅದರ ಪಕ್ಕದ್ದು," ಎಂದ ಪೋಸ್ಟಣ್ಣ ಎದ್ದು ನಿಂತು.

"ಹಳದಿ ನಂದು. ನಿಂಗೆ ಕೊಟ್ಟಿದ್ದು ಬಿಳೀದು ತಾನೆ? ನಿನ್ನ ಪಾಲು ನೀನು ನೋಡ್ಕೋ."

ದೊಡ್ಡ ಡಾಕ್ಟರು ತಿರುಗಿ ನಾಲ್ವರನ್ನೂ ನೋಡಿದರು. ಮಾವ ಟ್ಯಾಬ್ಲೆಟ್ಟನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ಡಾಕ್ಟರಮ್ಮ, ನಾನು ಒಂದು ದಿನಾನೂ ಆಡಿಲ್ಲ. ಇವರು ಆಡಿದ್ರು, ನಾನು ಇಸ್ತ್ರಿ ಮಾಡ್ದೆ. ಕೌಂಟರು ಹೋಗುತ್ತೆ ಅಂತ ಭಯ ಆಯ್ತು." ಹೇಳುವಾಗ ಅವರು ಡಾಕ್ಟರಮ್ಮನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದರು.

ಡಾಕ್ಟರಮ್ಮನಿಗೆ ನಗು ಬರಲಿಲ್ಲ. "ನಾನು ಒಬ್ಬರ ತಲೆಗೆ ವ್ಯಾಯಾಮ ಕೊಟ್ರೆ ಇಡೀ ಬೀದಿ ಬೆವರು ಸುರಿಸಿದೆ," ಎಂದು ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಬೈದರು. "ಪ್ರೀತಿಯಿಂದಾನೇ ಮಾಡಿದೀರಿ. ಆದ್ರೆ ಮುಂದೆ ಇವರು ತಪ್ಪು ಮಾಡಿದಾಗ ಯಾರಾದ್ರೂ ಬಾಯಿ ಬಿಟ್ರೆ ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ. ಮೊದಲನೇ ಹಂತದಿಂದ ಶುರು. ಒಬ್ಬರೇ."

ದೊಡ್ಡ ಡಾಕ್ಟರು ಕನ್ನಡಕ ಮೇಲೇರಿಸಿ, ಬೀದಿಯ ಜ್ಞಾಪಕಶಕ್ತಿ ಅತ್ಯುತ್ತಮವಾಗಿದೆ, ರೋಗಿಯದು ಬಂದಾಗ ಎಷ್ಟಿತ್ತೋ ಅಷ್ಟೇ ಇದೆ ಎಂದು ತೀರ್ಪು ಕೊಟ್ಟು ಹೋದರು.

ಭಾವಮೈದ ಅಲ್ಲೇ ಅಂಗಡಿಯ ಬೀಗದ ಕೈಗೆ ಕೈ ಚಾಚಿದ. ಅತ್ತೆ ತಮ್ಮನನ್ನು ನೋಡಿದರು, ಮಂಕಾಗಿ ನಿಂತ ಗಂಡನನ್ನು ನೋಡಿದರು. "ಈ ತಿಂಗಳು ಮುಗೀಲಿ. ಅಷ್ಟರೊಳಗೆ ಬಟ್ಟೆ ಅದಲುಬದಲಾಯ್ತು ಅಂತ ಒಂದು ದೂರು ಬಂದ್ರೂ ಕೌಂಟರು ನಿಂದು. ಬರಲಿಲ್ಲ ಅಂದ್ರೆ ಆ ಮಾತು ಎತ್ತಬೇಡ."

ಮರುದಿನದಿಂದ ಮಾವ ಬಾಗಿಲು ಎಳೆದುಕೊಂಡು ಒಬ್ಬರೇ ಆಡತೊಡಗಿದರು. ಆ ಅರ್ಧ ಗಂಟೆ ಬೀದಿಯವರು ಹೊರಗೆ ನಿಂತು ಪಟ್ಟ ಪಾಡು ಹೇಳತೀರದು. ಒಳಗಿಂದ "ಟೋಪಿ ಹಾಕಿದವರು ಯಾವ ಕಿಟಕಿಯಲ್ಲಿ?" ಎಂದು ಕೇಳಿದೊಡನೆ ತರಕಾರಿ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. "ಪರವಾಗಿಲ್ಲ" ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದರು. ನಾಲ್ಕಾರು ದಿನ ಬರೀ ಪರವಾಗಿಲ್ಲಗಳಲ್ಲೇ ಕಳೆದ ಮೇಲೆ ಒಂದು ಬೆಳಿಗ್ಗೆ ಒಳಗಿಂದ ಚಪ್ಪಾಳೆ ಕೇಳಿಸಿತು. ಬಾಗಿಲು ತೆರೆಯಿತು. ಮಾವ ಹೊಸ್ತಿಲ ಮೇಲೆ ನಿಂತಿದ್ದರು.

"ಮೇಲಿನ ಸಾಲು, ಬಲಗಡೆ," ಎಂದರು. "ಯಾರೂ ಹೇಳ್ಕೊಡಲಿಲ್ಲ."

ಪೊಲೀಸಪ್ಪ ಸುಮ್ಮನೆ ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲಿನ ದಿನಗಳಲ್ಲಿ ಚಪ್ಪಾಳೆ ಸ್ವಲ್ಪ ಸ್ವಲ್ಪ ಹೆಚ್ಚಿತು, ಪೂರ್ತಿ ಆಗಲಿಲ್ಲ. ಬಟ್ಟೆಯ ಕಟ್ಟುಗಳೂ ಹಾಗೆಯೇ, ಹೆಚ್ಚಿನವು ಸರಿಯಾದ ಮನೆಗೆ ಹೋದವು, ಕೆಲವು ಹೋಗಲಿಲ್ಲ.

ಆದರೆ ದೂರು ಬರಲಿಲ್ಲ. ಭಾವಮೈದ ಅಂಗಡಿಯ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತು ಪ್ರತಿ ಗಿರಾಕಿಗೂ, "ಏನಾದ್ರೂ ದೂರು?" ಎನ್ನುತ್ತಿದ್ದ. ಮೇಷ್ಟ್ರು ಕೈಯಲ್ಲಿ ಖಾಕಿ ಹಿಡಿದು, "ಏನೂ ಇಲ್ಲವಲ್ಲ" ಎಂದರು. ಪೊಲೀಸಪ್ಪ ತರಕಾರಿ ಅಕ್ಕನ ಸ್ವೆಟರನ್ನು ಎದೆಗವಚಿಕೊಂಡು, "ನಂದೇ, ಚಳಿಗೆ" ಎಂದ. ಎಲ್ಲರೂ ತಿರುವಿನವರೆಗೆ ಗಂಭೀರವಾಗಿ ನಡೆದು, ಅಲ್ಲಿ ತರಕಾರಿ ಗಾಡಿಯ ಹಿಂದೆ ನಿಂತು ತಮ್ಮ ತಮ್ಮ ಬಟ್ಟೆ ಬದಲಾಯಿಸಿಕೊಂಡು ಮನೆಗೆ ಹೋಗುತ್ತಿದ್ದರು.

ತಿಂಗಳ ಕೊನೆಯ ದಿನ ಡಾಕ್ಟರಮ್ಮನೇ ಬಂದರು. ಮಾವ ಹೇಗಿದ್ದಾರೆಂದು ನೋಡುವ ನೆಪಕ್ಕೆ ಹಿಂದಿನ ವಾರ ತಮ್ಮ ಬಿಳಿ ಕೋಟನ್ನು ಒಗೆಯಲು ಕೊಟ್ಟು ಹೋಗಿದ್ದರು. ಮಾವ ಕಟ್ಟುಗಳ ಮೇಲೆ ಕೈಯಾಡಿಸಿ, ತಡೆದು, ಒಂದನ್ನು ಎಳೆದು ಕೌಂಟರಿನ ಮೇಲಿಟ್ಟರು. ಕಾಗದದ ಸಂದಿಯಿಂದ ಖಾಕಿ ಪ್ಯಾಂಟಿನ ಕಾಲು ಇಣುಕುತ್ತಿತ್ತು.

ಭಾವಮೈದ ಸ್ಟೂಲಿನಿಂದ ಎದ್ದೇಬಿಟ್ಟ. "ಡಾಕ್ಟರೇ, ಸರಿಯಾಗಿ ನೋಡಿ ಹೇಳಿ. ಇದು ನಿಮ್ದೇನಾ?"

ಡಾಕ್ಟರಮ್ಮ ಕಟ್ಟನ್ನು ನೋಡಿದರು. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಮಾವನನ್ನು ನೋಡಿದರು. ಒಳಬಾಗಿಲಲ್ಲಿ ಉಸಿರು ಬಿಗಿಹಿಡಿದ ಅತ್ತೆಯನ್ನು ನೋಡಿದರು. ಮಾವ ತಪ್ಪಿದಾಗ ಬಾಯಿ ಬಿಟ್ಟವರನ್ನು ಸಾಲಾಗಿ ನಿಲ್ಲಿಸಿ ಬೈದಿದ್ದವರು ಅವರೇ.

"ನಂದೇ," ಎಂದರು. "ಚೆನ್ನಾಗಿ ಇಸ್ತ್ರಿ ಮಾಡಿದೀರಿ, ಮಾವ." ಪ್ಯಾಂಟನ್ನು ಕಂಕುಳಲ್ಲಿ ಇರುಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ತಿರುವಿನಲ್ಲಿ ಕೈಬೀಸಿ ಕರೆಯುತ್ತಿದ್ದ ತರಕಾರಿ ಅಕ್ಕನ ಗಾಡಿಯತ್ತ ನಡೆದರು.

ಭಾವಮೈದ ಸ್ಟೂಲನ್ನು ಮಡಚಿ ಊರಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದ. ಅತ್ತೆ ಬೀಗದ ಕೈಯನ್ನು ಗಂಡನ ಮುಂದಿಟ್ಟರು. ಆದರೆ ಮಾವನ ಗಮನ ಅದರ ಮೇಲಿರಲಿಲ್ಲ. ಅವರು ಕಪಾಟಿನಲ್ಲಿ ಮಡಚಿಟ್ಟಿದ್ದ ಬಿಳಿ ಕೋಟನ್ನು ನೋಡುತ್ತಿದ್ದರು. ಮುಖದಲ್ಲಿ ನಿಜವಾದ ಕಳವಳವಿತ್ತು.

"ನೋಡೇ ಇಲ್ಲಿ," ಎಂದು ಹೆಂಡತಿಯನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಯಾರಿಗೂ ಹೇಳಬೇಡ. ಡಾಕ್ಟರಮ್ಮನಿಗೆ ತನ್ನ ಕೋಟೇ ಗುರುತು ಸಿಕ್ಕಲಿಲ್ಲ. ಪೊಲೀಸಪ್ಪನ ಪ್ಯಾಂಟು ನಂದೇ ಅಂತ ತಗೊಂಡು ಹೋದ್ರು. ಪಾಪ, ಚಿಕ್ಕ ವಯಸ್ಸು. ನಾಳೆ ಇಲ್ಲಿಗೇ ಕರೆಸು, ಒಂದನೇ ಹಂತದಿಂದ ನಾನೇ ಕೂರಿಸಿ ಆಡಿಸ್ತೀನಿ."